ಮೆದಕ್ ಚರ್ಚಿನ ಲೆಕ್ಕ

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಊರಿಂದ ನೆಂಟರು ಬಂದರೆ ತೋರಿಸುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಚಾರ್‌ಮಿನಾರ್, ಗೋಲ್ಕೊಂಡ, ಸಾಲಾರ್‌ಜಂಗ್ ಮ್ಯೂಸಿಯಂ, ಮಕ್ಕಳಿದ್ದರೆ ರಾಮೋಜಿ ಫಿಲ್ಮ್ ಸಿಟಿ. ನನ್ನ ಪಟ್ಟಿಯಲ್ಲಿ ಇನ್ನೊಂದು ಜಾಗ ಇದೆ: ಸುಮಾರು ನೂರು ಕಿಲೋಮೀಟರ್ ದೂರದ ಮೆದಕ್. "ಒಂದು ಚರ್ಚು ನೋಡೋಕೆ ಅಷ್ಟು ದೂರ ಹೋಗ್ಬೇಕೇನ್ರೀ?" ಅಂತ ನಮ್ಮನೆಯವರು ಪ್ರತಿ ಸಲ ಗೊಣಗುತ್ತಾರೆ, ಪ್ರತಿ ಸಲ ಪುಳಿಯೋಗರೆ ಕಟ್ಟಿಕೊಂಡು ಮೊದಲು ಕಾರು ಹತ್ತುವವರೂ ಅವರೇ.

ನಾನು ಕ್ರೈಸ್ತನಲ್ಲ. ಕಟ್ಟಡಗಳ ಶಾಸ್ತ್ರ ಓದಿದವನೂ ಅಲ್ಲ. ಮಾನಸಗಂಗೋತ್ರಿಯಲ್ಲಿ ಎಂ.ಕಾಂ. ಮುಗಿಸಿ 1983ರಲ್ಲಿ ಬ್ಯಾಂಕು ಸೇರಿದವನು. 1986ರಲ್ಲಿ ಆಗಿನ ಆಂಧ್ರಪ್ರದೇಶದ ಮೆದಕ್ ಜಿಲ್ಲೆಗೆ, ಮೆದಕ್ ಪಟ್ಟಣಕ್ಕೆ ಹತ್ತಿರದ ಒಂದು ಹಳ್ಳಿ ಶಾಖೆಗೆ ವರ್ಗವಾಯಿತು. ಮೈಸೂರು ಬಿಟ್ಟು ಹೊರಗೆ ಬದುಕಿದ್ದೇ ಅದು ಮೊದಲು. ಬಸ್ಸಿನ ಬೋರ್ಡುಗಳನ್ನು ಅಕ್ಷರ ಅಕ್ಷರ ಕೂಡಿಸಿ ಓದಬಹುದಿತ್ತು. ತೆಲುಗು ಲಿಪಿ ನಮ್ಮದರ ಒಡಹುಟ್ಟಿದ್ದೇ ಅಲ್ಲವೇ. ಮಾತು ಮಾತ್ರ ತಕ್ಷಣ ಕೈಗೆ ಬರಲಿಲ್ಲ. ಕೌಂಟರಿನ ಆಚೆ ನಿಂತವರೆಲ್ಲ "ಸಾರು, ಸಾರು" ಅಂತ ಕೂಗುವಾಗ ಮೊದಲ ವಾರವೆಲ್ಲ ನನಗೆ ಮನೆಯ ಅಡುಗೆಯೇ ನೆನಪಾಗುತ್ತಿತ್ತು.

ಊರಿನ ಓದುಗರಿಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಮೆದಕ್ ಅಂದರೆ ನಮಗೆ ತೀರಾ ಪರನಾಡೇನಲ್ಲ. ನಿಜಾಮರ ಕಾಲದಲ್ಲಿ ಬೀದರ್ ಜಿಲ್ಲೆಗೆ ಸೇರಿದ್ದ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು 1956ರ ಭಾಷಾವಾರು ವಿಂಗಡಣೆಯಲ್ಲಿ ಮೆದಕ್ ಜಿಲ್ಲೆಗೆ ಹೋದವು. ಆ ಕಡೆಯ ಹಳ್ಳಿಗಳಲ್ಲಿ ಕನ್ನಡ ಆಡುವವರು ಈಗಲೂ ಇದ್ದಾರೆ. ಬೀದರಿನಲ್ಲಿ ಹರಿಯುವ ಮಾಂಜ್ರಾ ನದಿಯೇ ಮುಂದೆ ಮೆದಕ್ ಸೀಮೆಗೂ ನೀರು ಕೊಡುತ್ತದೆ.

ಆ ಶಾಖೆಗೆ ಹೋಗುವ ಬಸ್ಸಿನ ಕಿಟಕಿಯಿಂದ ನಾನು ಮೊದಲು ಕಂಡದ್ದು ಗೋಪುರ. ಸುತ್ತ ಬಂಡೆಗುಡ್ಡ, ಒಣಗಿದ ಹೊಲ, ಹೆಂಚಿನ ಮನೆ. ಅದರ ನಡುವೆ ಇಂಗ್ಲೆಂಡಿನ ಕ್ಯಾಲೆಂಡರಿನಿಂದ ಕಿತ್ತು ಅಂಟಿಸಿದ ಹಾಗೆ ಬೂದು ಕಲ್ಲಿನ ಎತ್ತರದ ಗೋಪುರ. "ಯಾರಪ್ಪಾ ಇಲ್ಲಿ ಇಷ್ಟು ಖರ್ಚು ಮಾಡಿದವರು?" ಅಂತ ಅನಿಸಿತು. ಬ್ಯಾಂಕಿನವನ ಬುದ್ಧಿ.

ಖರ್ಚು ಮಾಡಿದವರು ಮೆಥಡಿಸ್ಟರು. ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ (1703-1791) ಎಂಬ ಪಾದ್ರಿ ಹುಟ್ಟುಹಾಕಿದ ಪಂಥ ಅದು. ಆಕ್ಸ್‌ಫರ್ಡಿನಲ್ಲಿ ವೆಸ್ಲಿ ಮತ್ತು ಗೆಳೆಯರು ಓದು, ಉಪವಾಸ, ಪ್ರಾರ್ಥನೆ ಎಲ್ಲಕ್ಕೂ ಗಡಿಯಾರದ ಕಟ್ಟುನಿಟ್ಟು ಇಟ್ಟುಕೊಂಡಿದ್ದರು. ಉಳಿದ ಹುಡುಗರು ಗೇಲಿ ಮಾಡಲು ಇಟ್ಟ ಹೆಸರು ಮೆಥಡಿಸ್ಟ್, ಅಂದರೆ ಕ್ರಮ ತಪ್ಪದವರು. ಆ ಹೆಸರೇ ನಿಂತಿತು. ವೆಸ್ಲಿ ಗಣಿ ಕಾರ್ಮಿಕರಿಗೆ, ನೇಕಾರರಿಗೆ ಬಯಲಲ್ಲೇ ನಿಂತು ಬೋಧಿಸಿದವರು. ಅವರ ಅನುಯಾಯಿಗಳ ಹಳೆಯ ಪ್ರಾರ್ಥನಾ ಮಂದಿರಗಳು ಶಾಲೆಯ ಹಜಾರದಷ್ಟೇ ಸಾದಾ.

ವೆಸ್ಲಿಯ ಬಗ್ಗೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೋಧನೆಯಲ್ಲ, ಒಂದು ಸಾಲದ ಲೆಕ್ಕ. 1746ರಲ್ಲಿ ಅವರು ಲಂಡನ್ನಿನಲ್ಲಿ ಚಂದಾ ಎತ್ತಿ ಬಡವರಿಗೆ ಕೈಸಾಲ ಕೊಡಲು ಒಂದು ನಿಧಿ ಮಾಡಿದರು. ಬಂಡವಾಳ ಸುಮಾರು ಮೂವತ್ತು ಪೌಂಡು. ಒಬ್ಬರಿಗೆ ಒಂದು ಸಲಕ್ಕೆ ಇಪ್ಪತ್ತು ಶಿಲಿಂಗು, ವಾರವಾರ ಕಂತು, ಮೂರು ತಿಂಗಳಲ್ಲಿ ತೀರುವಳಿ. ಹದಿನೆಂಟು ತಿಂಗಳಲ್ಲಿ 255 ಜನಕ್ಕೆ ಈ ಹಣ ತಿರುಗಿತು ಅಂತ ಅವರು ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಈಗ ನಾವು ಮೈಕ್ರೋಫೈನಾನ್ಸ್ ಅಂತ ಸೆಮಿನಾರು ಮಾಡುವುದು ಇದನ್ನೇ.

ಈ ವೆಸ್ಲಿಯ ಹೆಸರಿನ ಮಿಷನ್ನು ಮೈಸೂರಿನವರಿಗೆ ಹೊಸದಲ್ಲ. ನಮ್ಮ ಕೇರಿಯ ಅರ್ಧ ಮಕ್ಕಳು ಹುಟ್ಟಿದ್ದೇ 1906ರಲ್ಲಿ ಶುರುವಾದ ಮಿಷನ್ ಆಸ್ಪತ್ರೆಯಲ್ಲಿ, ನಾನೂ ಸೇರಿ. ಕನ್ನಡದ ಹಳೆಯ ವಾರಪತ್ರಿಕೆಗಳಲ್ಲೊಂದಾದ 'ವೃತ್ತಾಂತ ಪತ್ರಿಕೆ' 1887ರಲ್ಲಿ ಹೊರಟಿದ್ದು ಈ ಮಿಷನ್ನಿನಿಂದಲೇ. ವೆಸ್ಲಿ ಪ್ರೆಸ್ಸಿನ ಹೆಸರು ಅಚ್ಚಾದ ಪುಸ್ತಕ ಹಳೆಯ ಮೈಸೂರಿನ ಮನೆಗಳಲ್ಲಿ ಒಂದಾದರೂ ಇರುತ್ತಿತ್ತು. ಬೀದರ್, ಯಾದಗಿರಿ, ಕೋಲಾರದ ಮೆಥಡಿಸ್ಟರು ಬೇರೆ ಕವಲು; ಅವರ ಮಿಷನ್ನು ಅಮೆರಿಕದ್ದು, ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ ಅವರು ಕಟ್ಟಿದ್ದು. ಮೈಸೂರಿನದೂ ಮೆದಕ್ಕಿನದೂ ಬ್ರಿಟಿಷ್ ಕವಲು. ನಾನು ಹುಟ್ಟಿದ ಆಸ್ಪತ್ರೆಗೂ ಈ ಗೋಪುರಕ್ಕೂ ಒಂದೇ ಹೆಡ್ಡಾಫೀಸು ಅಂತ ತಿಳಿದಾಗ, ಪರಊರಲ್ಲಿ ನಮ್ಮ ಬೀದಿಯವರು ಯಾರೋ ಸಿಕ್ಕಷ್ಟು ಸಂತೋಷವಾಯಿತು.

ಮೆದಕ್ಕಿನ ಕತೆಯ ಮುಖ್ಯ ಪಾತ್ರ ಚಾರ್ಲ್ಸ್ ವಾಕರ್ ಪಾಸ್ನೆಟ್. 1895ರಲ್ಲಿ ಸಿಕಂದರಾಬಾದಿಗೆ ಬಂದು ತಿರುಮಲಗಿರಿಯ ದಂಡಿನಲ್ಲಿ ಬ್ರಿಟಿಷ್ ಸಿಪಾಯಿಗಳ ಪಾದ್ರಿಯಾಗಿದ್ದರು. ಅದು ರುಚಿಸಲಿಲ್ಲ. ಮರುವರ್ಷವೇ ಕುದುರೆ ಹತ್ತಿ ಮೆದಕ್ ಸೇರಿದರು. ಆಮೇಲೆ ನಾಲ್ಕು ದಶಕ ಅಲ್ಲೇ. ಅವರ ಸುತ್ತ ಸೇರಿದವರಲ್ಲಿ ಹೆಚ್ಚಿನವರು ಊರಾಚೆಯ ಮಾಲ, ಮಾದಿಗ ಕೇರಿಗಳ ಜನ. ಮೊದಲಿದ್ದ ಸಣ್ಣ ಮಂದಿರ ಸಾಲದಾಯಿತು. 1914ರಲ್ಲಿ ಹೊಸದಕ್ಕೆ ಕೆಲಸ ಶುರುವಾಯಿತು, ಅದೇ ವರ್ಷ ಯುರೋಪಿನಲ್ಲಿ ಯುದ್ಧವೂ ಶುರುವಾಯಿತು. ಮುಗಿಯಲು ಹತ್ತು ವರ್ಷ ಹಿಡಿಯಿತು. 1924ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನವೇ, ಪ್ರತಿಷ್ಠೆಯಾಯಿತು.

ಈಗ ಅಳತೆ ನೋಡಿ. ಉದ್ದ 200 ಅಡಿ, ಅಗಲ 100 ಅಡಿ, ಗೋಪುರದ ಎತ್ತರ 175 ಅಡಿ. ಒಳಗೆ ಐದು ಸಾವಿರ ಜನ ಕೂರಬಹುದು ಎನ್ನುತ್ತಾರೆ. ಶೈಲಿ ಗಾಥಿಕ್. ಅಂದರೆ ಮೇಲಕ್ಕೆ ಮೊನಚಾಗುವ ಕಮಾನು, ಸಾಲುಗಂಬ, ಎತ್ತರದ ಸಪೂರ ಕಿಟಕಿ, ನಾಲ್ಕು ಮೂಲೆಗೂ ಕಲ್ಲಿನ ಶಿಖರಗಳಿರುವ ಗೋಪುರ. ಒಟ್ಟಾರೆ ಎಲ್ಲವೂ ಕಣ್ಣನ್ನು ಮೇಲಕ್ಕೇ ಎಳೆಯುತ್ತದೆ. ನೆಲದ ನಕ್ಷೆ ಶಿಲುಬೆಯ ಆಕಾರ: ಉದ್ದನೆಯ ಹಜಾರ, ಅದಕ್ಕೆ ಎಡಬಲಕ್ಕೆ ಎರಡು ತೋಳು. ನೆಲಕ್ಕೆ ಹಾಸಿದ ಬಣ್ಣದ ಮೊಸಾಯಿಕ್ ಬಿಲ್ಲೆಗಳು ಇಂಗ್ಲೆಂಡಿನಿಂದ ಬಂದವು, ಹಾಸಲು ಇಟಲಿಯ ಕೆಲಸಗಾರರು ಬಂದಿದ್ದರು. ಕಂಬಕ್ಕೂ ಗೋಡೆಗೂ ಸೀಮೆಯ ಕಲ್ಲೇ. ಕಲ್ಲಿಗೆ ಮೆದಕ್ಕಿನಲ್ಲಿ ಬರವಿಲ್ಲ, ಬರ ಇರುವುದು ನೀರಿಗೆ.

ಬಲಿಪೀಠದ ಹಿಂದೆ ಒಂದು, ಎರಡು ತೋಳುಗಳ ತುದಿಗೆ ಒಂದೊಂದು, ಹೀಗೆ ಮೂರು ದೊಡ್ಡ ಬಣ್ಣದ ಗಾಜಿನ ಕಿಟಕಿಗಳಿವೆ. ಹಿಂದಿನದರಲ್ಲಿ ಕ್ರಿಸ್ತನ ಸ್ವರ್ಗಾರೋಹಣ. ಪಕ್ಕದವುಗಳಲ್ಲಿ ಜನನ ಮತ್ತು ಶಿಲುಬೆ. ವಿನ್ಯಾಸ ಫ್ರಾಂಕ್ ಸಾಲಿಸ್ಬರಿ ಅವರದು. ಅವರು ಇಂಗ್ಲೆಂಡಿನ ರಾಜಮನೆತನದವರ, ಅಮೆರಿಕದ ಅಧ್ಯಕ್ಷರ ಚಿತ್ರ ಬರೆದ ಕಲಾವಿದ, ಸ್ವತಃ ಮೆಥಡಿಸ್ಟ್, ಹುಡುಗನಾಗಿದ್ದಾಗ ಕಲಿತದ್ದೇ ಗಾಜಿನ ಕೆಲಸ. ಸಣ್ಣ ಸಣ್ಣ ಬಣ್ಣದ ಗಾಜಿನ ಚೂರುಗಳನ್ನು ಸೀಸದ ಪಟ್ಟಿಯಲ್ಲಿ ಕೂಡಿಸಿದ ಚಿತ್ರ ಇದು. ಹೊರಗಿನ ಬೆಳಕು ಹಾದು ಬಂದರೆ ಮಾತ್ರ ಕಾಣುತ್ತದೆ. ನೀವು ಸಂಜೆ ಆರಕ್ಕೆ ಹೋದರೆ ಮೂರು ಕಪ್ಪು ಗೋಡೆ ನೋಡಿಕೊಂಡು ಬರುತ್ತೀರಿ. ನಮ್ಮ ಭಾವನವರು ಹಾಗೇ ನೋಡಿ ಬಂದು "ಅಂಥಾದ್ದೇನಿಲ್ಲ ಬಿಡಿ" ಅಂದರು. ಬೆಳಿಗ್ಗೆ ಹೋಗಿ.

ಬಯಲಲ್ಲಿ ಬೋಧಿಸಿದ ಪಂಥಕ್ಕೆ ಇಷ್ಟು ವೈಭವ ಯಾಕೆ, ಅದೂ ಇಂಗ್ಲಿಷ್ ಮಾದರಿಯಲ್ಲೇ ಯಾಕೆ ಎಂಬ ತಕರಾರು ನನ್ನದೂ ಹೌದು. ಅದೇ ಕಾಲದಲ್ಲಿ, ಅದೇ ನಿಜಾಮರ ಸೀಮೆಯ ಡೋರ್ನಕಲ್ಲಿನಲ್ಲಿ ಬಿಷಪ್ ಅಜರಯ್ಯ ಕಟ್ಟಿಸಿದ ಆಂಗ್ಲಿಕನ್ ಚರ್ಚು 1939ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿ ದೇವಸ್ಥಾನದ ಕಂಬವೂ ಉಂಟು, ಮಸೀದಿಯ ಗುಮ್ಮಟವೂ ಉಂಟು. ಅದನ್ನು ನೋಡಿದ ಮೇಲೆ ಮೆದಕ್ ಸ್ವಲ್ಪ ಪರದೇಶಿ ಅನಿಸುತ್ತದೆ. ಇನ್ನೊಂದು ವಿಚಿತ್ರ: ಇದನ್ನು ಎಲ್ಲರೂ ಕ್ಯಾಥೆಡ್ರಲ್ ಅನ್ನುತ್ತಾರೆ, ಆದರೆ ಕಟ್ಟಿದಾಗ ಇದು ಕ್ಯಾಥೆಡ್ರಲ್ ಆಗಿರಲೇ ಇಲ್ಲ. ಕ್ಯಾಥೆಡ್ರಲ್ ಅಂದರೆ ಬಿಷಪ್ಪರ ಪೀಠ ಇರುವ ಚರ್ಚು. ಬ್ರಿಟಿಷ್ ಮೆಥಡಿಸ್ಟರಲ್ಲಿ ಬಿಷಪ್ಪರೇ ಇಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು ಮತ್ತು ಬೇರೆ ಕೆಲವರು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಮಾಡಿಕೊಂಡರು. ಮೆದಕ್ ಒಂದು ಡಯಾಸಿಸ್ ಆಯಿತು, ಫ್ರಾಂಕ್ ವಿಟೇಕರ್ ಅಲ್ಲಿ ಬಿಷಪ್ಪರಾದರು. ಕಟ್ಟಿ ಇಪ್ಪತ್ಮೂರು ವರ್ಷದ ಮೇಲೆ ಚರ್ಚಿಗೆ ಬಡ್ತಿ ಸಿಕ್ಕಿತು ಅನ್ನಿ.

ಇಂಥ ಕಟ್ಟಡ ಇದ್ದ ಮೇಲೆ ಕತೆಗಳೂ ಇರುತ್ತವೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಟ್ಟೆಯಲ್ಲಿ ಕೂತು ಹಿರಿಯರೊಬ್ಬರು ನನಗೆ ಮೂರು ಕತೆ ಹೇಳಿದ್ದರು. ನಾನು ಆಡಿಟಿನವನ ಹಾಗೆ ಒಂದೊಂದಕ್ಕೂ ವೋಚರು ಹುಡುಕಿದೆ.

ಮೊದಲನೆಯದು, ಗೋಪುರ ಚಾರ್‌ಮಿನಾರಿಗಿಂತ ಎತ್ತರವಾದ್ದರಿಂದ ನಿಜಾಮರಿಗೆ ಸಿಟ್ಟು ಬಂದಿತ್ತು ಅಂತ. 175 ಅಡಿ ಅಂದರೆ ಸುಮಾರು 53 ಮೀಟರು. ಚಾರ್‌ಮಿನಾರಿನ ಎತ್ತರ ಕೆಲವು ಪುಸ್ತಕಗಳಲ್ಲಿ 48.7 ಮೀಟರು, ಕೆಲವುಗಳಲ್ಲಿ 56. ಯಾವ ಪುಸ್ತಕ ನಂಬುತ್ತೀರೋ ಅದರ ಮೇಲೆ ನಿಜಾಮರ ಸಿಟ್ಟು. ಎರಡನೆಯದು, ವ್ಯಾಟಿಕನ್ ಬಿಟ್ಟರೆ ಪ್ರಪಂಚದಲ್ಲೇ ದೊಡ್ಡ ಡಯಾಸಿಸ್ ಮೆದಕ್ಕಿನದು ಅಂತ. ಇದನ್ನು ಗೈಡುಗಳು ಈಗಲೂ ಹೇಳುತ್ತಾರೆ. ಇಡೀ ವ್ಯಾಟಿಕನ್ ಪಟ್ಟಣದ ವಿಸ್ತೀರ್ಣ ಸುಮಾರು 109 ಎಕರೆ. ಮೆದಕ್ ಚರ್ಚಿನ ಆವರಣವೇ 300 ಎಕರೆ ಅನ್ನುತ್ತಾರೆ. ಅಲ್ಲದೆ ಅದು ಪೋಪರದ್ದು, ಇದು ಪೋಪರನ್ನು ಒಪ್ಪದವರದ್ದು. ಎರಡನ್ನೂ ಒಂದೇ ಲೆಡ್ಜರಿನಲ್ಲಿ ಹಾಕುವುದು ಹೇಗೆ?

ಮೂರನೆಯದು ಊರಿನ ಹೆಸರಿನದು. ತೆಲುಗಿನಲ್ಲಿ 'ಮೆತುಕು' ಅಂದರೆ ನಮ್ಮ 'ಅಗುಳು', ಅನ್ನದ ಒಂದು ಕಾಳು. ಬರಗಾಲದಲ್ಲಿ ಪಾಸ್ನೆಟ್ ದೊರೆ ಇಲ್ಲಿ ಅನ್ನ ಹಾಕಿದ್ದಕ್ಕೆ ಮೆತುಕು, ಮೆದಕ್ ಆಯಿತಂತೆ. ಇದೂ ನಿಲ್ಲುವುದಿಲ್ಲ. ಕಾಕತೀಯರ ಕಾಲದ ಇಲ್ಲಿನ ಕೋಟೆಗೇ ಮೆತುಕುದುರ್ಗ ಅಂತ ಹೆಸರಿತ್ತು. ಪಾಸ್ನೆಟ್ ಬರುವ ಹೊತ್ತಿಗೆ ಹೆಸರು ಹಳತಾಗಿತ್ತು. ಆದರೆ ಈ ಕತೆಯ ಒಳಗಿನ ಬರಗಾಲವನ್ನು ನಾನು ಹೊಡೆದುಹಾಕಲಾರೆ. 1918ರಲ್ಲಿ ದೇಶಕ್ಕೆ ದೇಶವೇ ಮಳೆ ತಪ್ಪಿತು, ಅದೇ ವರ್ಷ ಇನ್‌ಫ್ಲುಯೆಂಜಾ ಬಂತು, ಯುದ್ಧದಿಂದ ಕಾಳಿನ ಬೆಲೆ ಏರಿತ್ತು. ಕಟ್ಟಡದ ಕೆಲಸ ನಡೆದದ್ದು ಆ ವರ್ಷಗಳಲ್ಲೇ. ಹಸಿದು ಬಂದವರಿಗೆ ಪಾಸ್ನೆಟ್ ಸುಮ್ಮನೆ ಗಂಜಿ ಹೊಯ್ಯದೆ ಕೆಲಸ ಕೊಟ್ಟು ಕಾಳು ಕೊಟ್ಟರು ಎಂಬುದು ಆ ಸೀಮೆಯಲ್ಲಿ ಮನೆಮನೆಯ ಮಾತು. ಅದಕ್ಕೆ ನನ್ನ ಕೈಗೆ ಸಿಕ್ಕ ವೋಚರು ಒಬ್ಬ ಮನುಷ್ಯ.

ನಮ್ಮ ಶಾಖೆಯ ಗಿರಾಕಿ ಅವರು. ಆಗ ಐವತ್ತರ ಆಸುಪಾಸು. ಎರಡೂವರೆ ಎಕರೆ ಖುಷ್ಕಿ ಜಮೀನು, ಒಂದು ಜೊತೆ ಎತ್ತಿಗೆ ನಮ್ಮಲ್ಲಿ ಸಾಲ. ಸಾಲದ ಅರ್ಜಿಯಲ್ಲಿ ಅವರ ಹೆಸರು ಒಂದು, ಚರ್ಚಿನ ಬಾಗಿಲಲ್ಲಿ ಜನ ಅವರನ್ನು ಕರೆಯುತ್ತಿದ್ದದ್ದು ಇನ್ನೊಂದು. ಕಾರಣ ನನಗೆ ಗೊತ್ತಿತ್ತು, ಕೇಳಲಿಲ್ಲ. 1987ರಲ್ಲಿ ಮಳೆ ಕೈಕೊಟ್ಟಿತು. 1988ರ ಮಾರ್ಚಿನಲ್ಲಿ ಮೇಲಿನ ಆಫೀಸಿನಿಂದ ವಸೂಲಿಗೆ ದಿನಕ್ಕೊಂದು ಫೋನು. ನಾನು ಹೊಸ ಹುರುಪಿನ ಅಧಿಕಾರಿ. ಜೀಪು ಹತ್ತಿ ಹಳ್ಳಿ ಹಳ್ಳಿ ತಿರುಗಿದೆ. ಅವರ ಅಂಗಳದಲ್ಲಿ ನಿಂತು ನಾನು ಗದರಲಿಲ್ಲ, ನಿಜ. ಆದರೆ ಇನ್ನೂ ತಲೆ ಬಾಗಿಸಿ ಮೇಯುತ್ತಿದ್ದ ಎತ್ತುಗಳ ಕಡೆಗೆ ಒಂದು ಸಲ ನೋಡಿ, ನೋಟೀಸು ಕೈಗಿಟ್ಟೆ. ಅಷ್ಟು ಸಾಕಾಯಿತು. ಮುಂದಿನ ಸಂತೆಯಲ್ಲಿ ಅರ್ಧ ಬೆಲೆಗೆ ಎತ್ತು ಮಾರಿ ಬಂದು, ಕೌಂಟರಿನಲ್ಲಿ ಪೈಸೆ ಪೈಸೆ ಎಣಿಸಿ ಕಟ್ಟಿ ಖಾತೆ ಮುಚ್ಚಿದರು. ಆ ತಿಂಗಳ ಪಟ್ಟಿಯಲ್ಲಿ ನಮ್ಮ ಶಾಖೆಗೆ ಒಳ್ಳೆಯ ಹೆಸರು ಬಂತು.

ಎರಡು ವರ್ಷ ಕಳೆದು 1990ರಲ್ಲಿ ಕೇಂದ್ರ ಸರ್ಕಾರದ ಸಾಲಮನ್ನಾ ಯೋಜನೆ ಬಂತು. 1989ರ ಅಕ್ಟೋಬರ್ 2ಕ್ಕೆ ಸುಸ್ತಿಯಾಗಿದ್ದ ಸಾಲದಲ್ಲಿ ಹತ್ತು ಸಾವಿರ ರೂಪಾಯಿವರೆಗೆ ಮನ್ನಾ. ಪಟ್ಟಿ ತಯಾರಿಸುವ ಕೆಲಸವೂ ನನ್ನದೇ. ನೋಟೀಸಿಗೆ ಹೆದರದೆ ಕೂತವರ ಹೆಸರೆಲ್ಲ ಬಂತು. ಇವರ ಹೆಸರು ಬರುವಂತಿರಲಿಲ್ಲ, ಖಾತೆಯೇ ಇರಲಿಲ್ಲವಲ್ಲ. ಒಂದು ಮಧ್ಯಾಹ್ನ ಬಂದು ಕೌಂಟರಿನ ಮುಂದೆ ನಿಂತು, ಜಗಳದ ದನಿಯಲ್ಲಲ್ಲ, ತಿಳಿದುಕೊಳ್ಳುವವರ ಹಾಗೆ ಕೇಳಿದರು: "ಕಟ್ಟಿದ್ದು ನನ್ನ ತಪ್ಪಾಯಿತಾ ಸಾರು?"

ನಿಯಮ ಓದಿ ಹೇಳಿದೆ. ತೆಲುಗು ಆಗ ಚೆನ್ನಾಗೇ ಬರುತ್ತಿತ್ತು, ಅದೇ ದೊಡ್ಡ ಸಂಕಟ. ಭಾಷೆ ಬರದ ಕಾಲದಲ್ಲಾಗಿದ್ದರೆ ಸುಮ್ಮನೆ ತಲೆಯಾಡಿಸಿ ತಪ್ಪಿಸಿಕೊಳ್ಳಬಹುದಿತ್ತು.

ಅವರಿಗೆ ನನ್ನ ಮೇಲೆ ಸಿಟ್ಟು ಇದ್ದೀತು ಅಂದುಕೊಂಡಿದ್ದೆ. ಆದರೆ ಆ ವರ್ಷ ಡಿಸೆಂಬರಿನಲ್ಲಿ, ವರ್ಗದ ಆದೇಶ ಬಂದಿದೆ ಅಂತ ತಿಳಿದು, ಅವರೇ ನನ್ನನ್ನು ಚರ್ಚಿಗೆ ಕರೆದುಕೊಂಡು ಹೋದರು. ನಾಲ್ಕು ವರ್ಷ ಅದರ ಮುಂದೆ ಓಡಾಡಿದ್ದೆ, ಒಳಗೆ ಹೋಗಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟೆವು. ಹೊರಗೆ ಬಿಸಿಲು, ಒಳಗೆ ಕಾಲಿಗೆ ತಣ್ಣಗಿನ ನೆಲ. ಕಿಟಕಿಯ ನೀಲಿ ಕೆಂಪು ಕಂಬಗಳ ಮೇಲೆ ಬಿದ್ದಿತ್ತು. ನಾನು ಬಾಯಿ ಬಿಟ್ಟುಕೊಂಡು ಗಾಜು ನೋಡುತ್ತಿದ್ದರೆ ಅವರು ಅದರ ಕಡೆ ತಿರುಗಲೂ ಇಲ್ಲ. ಎಡಗಡೆಯ ಒಂದು ಕಂಬದ ಹತ್ತಿರ ಹೋಗಿ, ಎತ್ತಿನ ಬೆನ್ನು ಸವರುವ ಹಾಗೆ ಅಂಗೈಯಿಂದ ಸವರಿದರು.

ಅವರ ತಾತ ಕಲ್ಲು ಒಡೆದವರಂತೆ. ಅಜ್ಜಿ ಗಾರೆಯ ಬುಟ್ಟಿ ಹೊತ್ತವರು. ದಿನಕ್ಕೆ ಇಷ್ಟು ಅಂತ ಜೋಳ ಅಳೆದು ಕೊಡುತ್ತಿದ್ದರಂತೆ. ಆಗ ಆ ಮನೆಯವರು ಯಾರೂ ಕ್ರೈಸ್ತರಾಗಿರಲಿಲ್ಲ, ಆಗಿ ಅಂತ ಯಾರೂ ಹೇಳಲೂ ಇಲ್ಲ, ಕಾಳಿಗೆ ಹೋದರು, ಅಷ್ಟೆ. ಚರ್ಚಿಗೆ ಸೇರಿದ್ದು ಇವರ ತಂದೆಯ ಕಾಲದಲ್ಲಿ. ತಾತ ಸಾಯುವವರೆಗೂ ಹೇಳುತ್ತಿದ್ದ ಮಾತೊಂದಿತ್ತು: ಅಲ್ಲಿ ಜೋಳ ಅಳೆಯುವವನು ಸೇರನ್ನು ತಲೆ ತಟ್ಟಿ ಸಮ ಮಾಡುತ್ತಿರಲಿಲ್ಲ, ಶಿಖರ ಹಾಗೇ ಇರಲು ಬಿಡುತ್ತಿದ್ದ.

ಗೋಪುರದ ನಕ್ಷೆ ಮಾಡಿದವರ ಹೆಸರು ಪುಸ್ತಕಗಳಲ್ಲಿದೆ. ಗಾಜು ಬರೆದವರ ಹೆಸರಿದೆ, ಪಾಸ್ನೆಟ್‌ರ ಹೆಸರಿದೆ. ತಾತನ ಹೆಸರನ್ನು ಅವರು ಅಂದು ಹೇಳಿದರು, ನಾನು ಕಲ್ಲು ನೋಡುವ ಗಡಿಬಿಡಿಯಲ್ಲಿ ಬರೆದುಕೊಳ್ಳಲಿಲ್ಲ. ಸಾವಿರಾರು ಖಾತೆದಾರರ ಹೆಸರು, ತಂದೆಯ ಹೆಸರು, ಸರ್ವೆ ನಂಬರು ಎಲ್ಲ ಬರೆದ ಕೈ ಇದು.

ಆಮೇಲೆ ನನ್ನ ನೌಕರಿ ಹೈದರಾಬಾದಿಗೆ ಬಂತು, ಬದುಕೂ ಇಲ್ಲೇ ನಿಂತಿತು. ಮಕ್ಕಳು ನೃಪತುಂಗ ಶಾಲೆಯಲ್ಲಿ ಒಂದಿಷ್ಟು ಕನ್ನಡ ಕಲಿತರು. 2014ರಲ್ಲಿ ತೆಲಂಗಾಣ ಬೇರೆ ರಾಜ್ಯವಾಯಿತು. ಜಿಲ್ಲೆಗೆ ಹೆಸರು ಕೊಟ್ಟೂ ಜಿಲ್ಲಾ ಕಚೇರಿಯನ್ನು ಸಂಗಾರೆಡ್ಡಿಗೆ ಬಿಟ್ಟುಕೊಟ್ಟಿದ್ದ ಮೆದಕ್ ಪಟ್ಟಣ 2016ರಲ್ಲಿ ಕೊನೆಗೂ ಜಿಲ್ಲಾ ಕೇಂದ್ರವಾಯಿತು. 2022ರಲ್ಲಿ ಅಕ್ಕನ್ನಪೇಟೆಯಿಂದ ರೈಲೂ ಬಂತು. 2024ರ ಕ್ರಿಸ್‌ಮಸ್‌ಗೆ ಚರ್ಚಿಗೆ ನೂರು ತುಂಬಿತು.

ಆ ಗದ್ದಲ ಮುಗಿದ ಮೇಲೆ, ಜನವರಿಯ ಒಂದು ಬೆಳಿಗ್ಗೆ ಮೊಮ್ಮಗಳನ್ನು ಕರೆದುಕೊಂಡು ಹೋದೆ. ಅವಳಿಗೆ ಗಾಜಿನ ಕಿಟಕಿಗಳು ಹಿಡಿಸಿದವು. ಜನನದ ಚಿತ್ರದಲ್ಲಿ ಯಾರು ಯಾರು ಅಂತ ಗುರುತಿಸುತ್ತಾ ನಿಂತಳು. ನಾನು ಎಡಗಡೆಯ ಕಂಬಗಳ ಸಾಲಿನಲ್ಲಿ ಹಿಂದೆ ಮುಂದೆ ನಡೆದೆ. ಬಾಗಿಲಿಂದ ಮೂರನೆಯದೋ ನಾಲ್ಕನೆಯದೋ ನೆನಪಾಗಲಿಲ್ಲ. ಎಲ್ಲವನ್ನೂ ಒಂದೇ ಹದದಲ್ಲಿ ಕಡೆದಿದ್ದಾರೆ.

"ಏನ್ ತಾತ, ಕಂಬ ಎಣಿಸ್ತಿದೀಯಾ?" ಅಂತ ಮೊಮ್ಮಗಳು ಅಲ್ಲಿಂದಲೇ ಕೂಗಿದಳು. ಹೌದು ಅಂದೆ.